ತೋಟದಲ್ಲಿ ಒಂದೇ ಮೊಗ್ಗಿತ್ತು

ಡಲ್ಲಾಸ್‌ನಿಂದ ಟೋಕಿಯೋಗೆ ಬೆಳಿಗ್ಗೆ ಹೊರಡುವ ವಿಮಾನದಲ್ಲಿ ಕತ್ತಲಾಗುವುದಿಲ್ಲ. ಎಷ್ಟು ಹೊತ್ತು ಹಾರಿದರೂ ಕಿಟಕಿಯಾಚೆ ಅದೇ ಹಗಲು. ಕೆಳಗೆ ಮೊದಲು ಕಂದು ನೆಲ, ಆಮೇಲೆ ಹಿಮ, ಆಮೇಲೆ ಬರೀ ಮೋಡ. ಇಳಿದಾಗ ಮಧ್ಯಾಹ್ನ, ಆದರೆ ಮರುದಿನದ ಮಧ್ಯಾಹ್ನ. ನಡುವಿನ ರಾತ್ರಿ ಎಲ್ಲಿಗೆ ಹೋಯಿತು ಎಂದು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಕೇಳುತ್ತಿದ್ದರು. ನನಗೂ ಗೊತ್ತಿಲ್ಲ ಎನ್ನುತ್ತಿದ್ದೆ. ಪತ್ರಿಕೆಯಲ್ಲಿದ್ದಾಗ ಪುಟ ಮುದ್ರಣಕ್ಕೆ ಹೋಗುವ ಮುನ್ನ ನಾನು ಮೊದಲು ನೋಡುತ್ತಿದ್ದುದು ತಾರೀಖು. ಕಳೆದುಹೋದ ಆ ದಿನದ ಬಗ್ಗೆ ಒಳಗೊಳಗೇ ಒಂದು ಕಿರಿಕಿರಿ ಕೊನೆಯ ಪ್ರವಾಸದ ತನಕವೂ ಉಳಿಯಿತು. ನಿದ್ದೆಗೆಟ್ಟ ಕಣ್ಣಿನಿಂದ ನೋಡಿದ್ದಕ್ಕೋ ಏನೋ, ಜಪಾನಿನ ಹಳ್ಳಿಗಳ ಮೊದಲೆರಡು ದಿನಗಳು ನನ್ನ ನೆನಪಿನಲ್ಲಿ ಯಾವಾಗಲೂ ಸ್ವಲ್ಪ ಮಂಜಾಗಿಯೇ ಇವೆ.

ಹನ್ನೊಂದು ವಸಂತಗಳಲ್ಲಿ ಈ ಕೆಲಸ ಮಾಡಿದೆ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಈ ಮೂರು ಊರುಗಳಿಂದ ಹತ್ತು ಜನರನ್ನು ಸೇರಿಸುವುದು, ಮಾರ್ಚ್ ಕೊನೆಯಲ್ಲಿ ಹೊರಡುವುದು, ಎರಡು ವಾರ ಸಣ್ಣ ಊರುಗಳನ್ನೂ ತೋಟಗಳನ್ನೂ ನಿಧಾನವಾಗಿ ತೋರಿಸಿ ಕರೆದುಕೊಂಡು ಬರುವುದು. ಕಳೆದ ವರ್ಷ ನಿಲ್ಲಿಸಿದೆ. ಈ ವರ್ಷದಿಂದ ಗುಂಪು ಕರೆದೊಯ್ಯಲಿರುವ ಇಬ್ಬರು ಹೆಣ್ಣುಮಕ್ಕಳು ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನ ನಮ್ಮ ಮನೆಗೆ ಬಂದು, "ಆಂಟಿ, ಟಿಪ್ಸ್ ಏನಾದ್ರೂ ಬರ್ಕೊಡಿ" ಎಂದರು. ಟಿಪ್ಸ್ ಬರೆಯಲು ಕೂತರೆ ಆಗಿಹೋದದ್ದೇ ಬರುತ್ತಿದೆ. ಅದನ್ನೇ ಬರೆಯುತ್ತೇನೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ದೇಸಾಯಿಯವರು. ಧಾರವಾಡದವರು. ಹ್ಯೂಸ್ಟನ್ನಿನಲ್ಲಿ ಇಂಡಿಯನ್ ಕಿರಾಣಿ ಅಂಗಡಿಯ ಪಕ್ಕದಲ್ಲಿ ಅವರ ಪ್ರವಾಸ ಕಚೇರಿ ಇತ್ತು. ಬಾಗಿಲು ತೆರೆದರೆ ಒಳಗೆ ಕರಿಬೇವಿನ ವಾಸನೆ. ಬೆಂಗಳೂರಿನಲ್ಲಿ ಹತ್ತೊಂಬತ್ತು ವರ್ಷ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ ಎಂದು ಹೇಳಿದಾಗ ಅವರು ಕನ್ನಡಕ ತೆಗೆದಿಟ್ಟರು.

"ಜಪಾನಿ ಭಾಷಾ ಬರ್ತದೇನ್ರಿ?"

"ಇಲ್ಲ."

"ಜಪಾನ್ ನೋಡೀರೇನು?"

"ಇಲ್ಲ."

"ಪತ್ರಿಕೆಯೊಳಗ ಏನ್ ಮಾಡ್ತಿದ್ರಿ ಹಂಗಾರ?"

"ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕ್ತಿದ್ದೆ."

"ಇದ ಬೇಕಾಗಿತ್ತು ನೋಡ್ರಿ ನನಗ. ಭಾಷಾ ಬರೋ ಮಂದಿ ಅಲ್ಲೇ ಸಿಗ್ತಾರ. ನಮ್ಮ ಮಂದಿ ತಪ್ಪು ಮಾಡೂದಕ್ಕ ಮೊದ್ಲ ಹಿಡಿಯೋರು ಬೇಕು."

ದೇಸಾಯಿಯವರದ್ದು ಒಂದೇ ನಿಯಮ: ಹೋದ ತಲೆಗಳೆಷ್ಟೋ ಬಂದ ತಲೆಗಳೂ ಅಷ್ಟೇ ಇರಬೇಕು. ದಿನಕ್ಕೆ ಮೂರು ಸಲ ಎಣಿಸಿ ಸಂದೇಶ ಕಳಿಸಬೇಕಿತ್ತು. ನಾನು ಅದಕ್ಕೆ ನನ್ನದೊಂದು ನಿಯಮ ಸೇರಿಸಿದೆ. ಪ್ರತಿ ಸಂಜೆ ಒಂದು ಪುಟ ಬರೆದು ಎಲ್ಲರಿಗೂ ಕೊಡುವುದು. ನಾಳೆ ಯಾರ ಮನೆ, ಯಾವ ತೋಟ, ಎಲ್ಲಿ ಚಪ್ಪಲಿ ಬಿಡಬೇಕು, ಸ್ನಾನದ ಮನೆಗೆ ಯಾರ ಸರದಿ, ಮನೆಯವರಿಗೆ ಯಾವುದು ಮುಖ್ಯ. ಅದಕ್ಕೆ 'ನಾಳೆಯ ಪುಟ' ಎಂದು ಹೆಸರಿಟ್ಟೆ. ಮೊದಮೊದಲು ಕೈಯಲ್ಲಿ ಬರೆದು ಪ್ರತಿ ಕೋಣೆಯ ಹೊಸ್ತಿಲ ಬಳಿ ಇಡುತ್ತಿದ್ದೆ. ಆಮೇಲೆ ವಾಟ್ಸಾಪ್ ಬಂತು, ಕೆಲಸ ಸುಲಭವಾಯಿತು, ಓದುವವರು ಕಡಿಮೆಯಾದರು.

ಮೊದಲ ವರ್ಷವೇ ಎಡವಿದೆ. ಚೆರಿ ಹೂವಿಗೆಂದೇ ಪ್ರಸಿದ್ಧವಾದ ಬೆಟ್ಟದ ಊರೊಂದಕ್ಕೆ ಕರೆದೊಯ್ಯುವುದಾಗಿ ಎಲ್ಲರಿಗೂ ಮಾತು ಕೊಟ್ಟಿದ್ದೆ. ನಾವು ಹೋಗುವ ಹಿಂದಿನ ದಿನ ಗಾಳಿಯೆದ್ದಿತ್ತು. ಮರಗಳ ತುಂಬಾ ಎಳೆ ಎಲೆ. ಹೂವೆಲ್ಲ ಕಾಲುವೆಯ ನೀರಿನ ಮೇಲೆ, ಗದ್ದೆಯ ಬದುವಿನ ಮೇಲೆ, ನಿಂತ ಸೈಕಲ್ಲಿನ ಬುಟ್ಟಿಯೊಳಗೆ. ಗುಂಪಿನಲ್ಲಿದ್ದವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಕೊನೆಗೆ ಕಾಲುವೆಯ ಪಕ್ಕ ಕೂತು, ಆಸ್ಟಿನ್ ಬಳಿಯ ಲಿಯಾಂಡರ್‌ನಿಂದ ಬಂದ ದಂಪತಿ ತಂದಿದ್ದ ಪುಳಿಯೋಗರೆ ಪುಡಿಯಲ್ಲಿ ಅನ್ನ ಕಲಸಿ ತಿಂದೆವು. ಗುಲಾಬಿ ಬಣ್ಣದ ನೀರು ಸದ್ದಿಲ್ಲದೆ ಹರಿಯುತ್ತಲೇ ಇತ್ತು. ಹೂವಿನ ವಿಷಯದಲ್ಲಿ ಯಾರಿಗೂ ದಿನಾಂಕ ಕೊಡಬಾರದು ಎನ್ನುವುದು ಅಂದು ಗೊತ್ತಾಯಿತು. ಟೆಕ್ಸಸ್‌ನಲ್ಲಿ ಇರುವವಳಿಗೆ ಅದು ಮೊದಲೇ ತಿಳಿದಿರಬೇಕಿತ್ತು. ನಮ್ಮ ಹೆದ್ದಾರಿಗಳ ಪಕ್ಕ ಬ್ಲೂಬಾನೆಟ್ ಯಾವ ವಾರ ಅರಳುತ್ತದೆ ಎಂದು ಇಲ್ಲಿಯವರೂ ಖಚಿತವಾಗಿ ಹೇಳುವುದಿಲ್ಲ.

ಆಮೇಲೆ ನಿಯಮಗಳ ಪಟ್ಟಿ ಬೆಳೆಯುತ್ತಾ ಹೋಯಿತು. ಪ್ರತಿ ಪ್ರವಾಸದ ಒಂದೊಂದು ತಪ್ಪೂ ಮರುವರ್ಷದ ಪಟ್ಟಿಯಲ್ಲಿ ಒಂದೊಂದು ಸಾಲಾಯಿತು. ಚಾಪೆಯ ಮೇಲೆ ಸೂಟ್‌ಕೇಸ್ ಉರುಳಿಸಬೇಡಿ. ಸ್ನಾನದ ತೊಟ್ಟಿಯೊಳಗೆ ಸೋಪು ಹಾಕಬೇಡಿ. ಕಾಗದದ ಬಾಗಿಲಿಗೆ ಒರಗಬೇಡಿ. ಇಷ್ಟೆಲ್ಲ ಬರೆದವಳು ಒಂದು ಸಾಲು ಬರೆದಿರಲಿಲ್ಲ. ಈ ಬರವಣಿಗೆ ಇರುವುದು ಅದಕ್ಕಾಗಿಯೇ.

ಆ ಸಾಲು ತಪ್ಪಿದ ವರ್ಷ, ಹೊರಡುವ ಮುನ್ನ ಹ್ಯೂಸ್ಟನ್ನಿನಲ್ಲಿ ಸಭೆ ಕರೆದಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದವರು ಡಾಕ್ಟರ್ ನಾಗರತ್ನ. ಮೈಸೂರಿನವರು, ಹ್ಯೂಸ್ಟನ್ನಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಮಕ್ಕಳ ವೈದ್ಯೆಯಾಗಿದ್ದು ನಿವೃತ್ತರಾದವರು. ಮೊಣಕಾಲು ನೋವು. ಮಾತು ಮಾತ್ರ ಚಾಕು.

"ದೇವರನ್ನ ಕರ್ಕೊಂಡ್ ಬರಬಹುದೇನಮ್ಮ ಶಾಂತಾ?"

"ಎಷ್ಟು ದೊಡ್ಡವರು ಡಾಕ್ಟ್ರೇ?"

"ನನ್ನ ಅಂಗೈಲಿ ಕೂರ್ತಾನೆ. ಅಂಬೆಗಾಲು ಕೃಷ್ಣ. ನಮ್ಮತ್ತೆ ಕೊಟ್ಟಿದ್ದು. ದಿನಾ ಪೂಜೆ ತಪ್ಪಿಸಿದವಳಲ್ಲ ನಾನು. ಆಪರೇಷನ್ ಆದ ದಿನಾನೂ ಹಾಸಿಗೆ ಮೇಲೇ ಮಾಡ್ದೆ."

"ದೀಪ ಹಚ್ಚುವ ಹಾಗಿಲ್ಲ. ಎಲ್ಲ ಮರದ ಮನೆ, ಕಾಗದದ ಬಾಗಿಲು."

"ಬ್ಯಾಟರಿ ದೀಪ ಇದೆ. ಊದುಬತ್ತಿನೂ ಬೇಡ. ಒಂದು ಹೂ ಇದ್ರೆ ಸಾಕು ಅವನಿಗೆ."

ಹಿಂದಿನ ಸಾಲಿನಲ್ಲಿ ಫ್ಲೂಗರ್‌ವಿಲ್‌ನ ಚೇತನ್ ಎನ್ನುವ ಸಾಫ್ಟ್‌ವೇರ್ ಎಂಜಿನಿಯರ್ ಕೂತಿದ್ದ. "ಡಾಕ್ಟರ್ ಆಂಟಿ, ಕೃಷ್ಣಂಗೆ ವೀಸಾ ಮಾಡಿಸಿದ್ದೀರಾ?" ಎಂದ. ಎಲ್ಲರೂ ನಕ್ಕರು. "ಅವನು ಡಿಪೆಂಡೆಂಟ್ ಕಣೋ. ನಿನ್ನ ಹಾಗೆ ಸ್ಪಾನ್ಸರ್ ಹುಡುಕ್ಬೇಕಾಗಿಲ್ಲ" ಎಂದರು ಡಾಕ್ಟರು. ಚೇತನ್ ಪ್ರವಾಸ ಮುಗಿಯುವ ತನಕ ಅವರ ಸೂಟ್‌ಕೇಸ್ ಎತ್ತಿದ್ದು ಆ ಮಾತಿನಿಂದಲೇ ಇರಬೇಕು.

ದೀಪ, ಊದುಬತ್ತಿ ಎರಡನ್ನೂ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಹೂವಿನ ಮುಂದೆ ಏನೂ ಬರೆಯಲಿಲ್ಲ.

ನಾವು ಹೋಗುತ್ತಿದ್ದ ಊರುಗಳಲ್ಲಿ ಒಂದು ಊರಿನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಎರಡೇ ಡಬ್ಬಿಯ ರೈಲು ಕಣಿವೆಯೊಳಗೆ ಏರಿ ಏರಿ ಅಲ್ಲಿಗೆ ತಲುಪುತ್ತಿತ್ತು. ಒಂದು ಬದಿಗೆ ನದಿ, ಇನ್ನೊಂದು ಬದಿಗೆ ನೀರು ಕಟ್ಟಿದ ಗದ್ದೆಗಳು. ಗದ್ದೆಯ ನೀರಿನಲ್ಲಿ ಬೆಟ್ಟ ತಲೆಕೆಳಗಾಗಿ ನಿಂತಿರುತ್ತಿತ್ತು. ರೈಲಿನ ನೆರಳು ಅದರ ಮೇಲೆ ಹಾದು ಹೋದರೂ ಅಲುಗುತ್ತಿರಲಿಲ್ಲ. ನಿಲ್ದಾಣದಲ್ಲಿ ಇಳಿಯುತ್ತಿದ್ದವರು ನಾವು ಮಾತ್ರ. ಅಲ್ಲಿ ಓಕಾದಾ ಎನ್ನುವ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಕೊಡೆ ಹಿಡಿದು ಕಾದಿರುತ್ತಿದ್ದರು. ಆ ಕಣಿವೆಯಲ್ಲಿ ನಮ್ಮ ಬಾಯಿ, ಕಿವಿ ಎರಡೂ ಅವರೇ.

ಓಕಾದಾ ಅವರ ಪರಿಚಯದಿಂದಲೇ ಹರುಯೆ-ಸಾನ್ ಅವರ ಮನೆ ನಮಗೆ ಸಿಕ್ಕಿದ್ದು. ಹರುಯೆ-ಸಾನ್ (ಸಾನ್ ಎಂದರೆ ನಮ್ಮ 'ಅವರು' ಇದ್ದಂತೆ) ಎಪ್ಪತ್ತೆಂಟು ದಾಟಿದ ವಿಧವೆ. ಅದು ಹೋಟೆಲ್ ಅಲ್ಲ, ವಾಸದ ಮನೆ. ವರ್ಷಕ್ಕೊಂದು ರಾತ್ರಿ ನಮ್ಮ ಗುಂಪನ್ನು ಉಳಿಸಿಕೊಳ್ಳುತ್ತಿದ್ದರು. ಅಲ್ಲಿ ತನಕ ಸಾರ್ವಜನಿಕ ಉದ್ಯಾನಗಳಲ್ಲಿ ಹಗ್ಗದ ಈಚೆ ನಿಂತು ನೋಡಿದವರಿಗೆ, ಒಬ್ಬರು ದಿನಾ ಗುಡಿಸುವ ತೋಟದಲ್ಲಿ ಕೂರುವುದು ಬೇರೆಯೇ ಅನುಭವ. ಹಳೆಯ ಮರಗಳ ಕೆಳಗೆ ಪಾಚಿ. ಪಾಚಿಯ ಮೇಲೆ ಕೆಂಪು ತ್ಸುಬಾಕಿ ಹೂಗಳು, ಅಂದರೆ ಕ್ಯಾಮೆಲಿಯಾ, ಇಡಿಯಾಗಿ ಉದುರಿ ಮುಖ ಮೇಲೆ ಮಾಡಿ ಬಿದ್ದಿರುತ್ತಿದ್ದವು. ದಾರಿಯನ್ನು ಅಷ್ಟು ಚೊಕ್ಕವಾಗಿ ಗುಡಿಸುವ ಹರುಯೆ-ಸಾನ್ ಆ ಹೂಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಬಿದ್ದ ಮೇಲೂ ಎರಡು ದಿನ ಅವು ತೋಟದ ಹೂಗಳೇ ಎಂದು ಓಕಾದಾ ಹೇಳಿದ್ದರು.

ಆ ಸಂಜೆ ಜಗಲಿಯಲ್ಲಿ ಚಹಾ ಕೊಟ್ಟರು. ಡಾಕ್ಟರು ಮೊಣಕಾಲಿಗೆ ಐಸ್ ಇಟ್ಟುಕೊಂಡು ಕೋಣೆಯಲ್ಲೇ ಮಲಗಿದ್ದರು, ಉಳಿದವರೆಲ್ಲ ಇದ್ದೆವು. ಹರುಯೆ-ಸಾನ್ ಕಪ್ ಕೆಳಗಿಟ್ಟು, ಬೆರಳು ತೋರಿಸದೆ, ಇಡೀ ಮೈಯನ್ನೇ ತೋಟದ ಒಂದು ಮೂಲೆಯ ಕಡೆ ತಿರುಗಿಸಿ ಕೂತರು. ಅಲ್ಲಿ ಸೊಂಟದೆತ್ತರದ ಒಂದು ಗಿಡ. ಅದರಲ್ಲಿ ಒಂದೇ ಒಂದು ಬಿಳಿ ಮೊಗ್ಗು.

ಗಂಡ ಕಸಿ ಮಾಡಿದ ಗಿಡವಂತೆ ಅದು. ರಸ್ತೆ ಅಗಲ ಮಾಡಿದಾಗ ಬೇಲಿಯ ಬದಿಯಿಂದ ಕಿತ್ತು ಇಲ್ಲಿ ನೆಟ್ಟರಂತೆ. ಅದಾದ ಮೇಲೆ ಗಂಡ ತೀರಿಕೊಂಡರು; ಗಿಡ ಬದುಕಿತು, ಹೂ ಬಿಡಲಿಲ್ಲ. ಆರು ವಸಂತ ಬರೀ ಎಲೆ. ಈ ಸಲ ಮೊದಲ ಬಾರಿಗೆ ಒಂದು ಮೊಗ್ಗು. ನಾಡಿದ್ದು ಗಂಡ ಹೋದ ದಿನ. ಆ ಹೊತ್ತಿಗೆ ಸರಿಯಾಗಿ ಅರಳುತ್ತದೆ. ಅವರ ಫೋಟೋದ ಮುಂದೆ ಇಡುತ್ತೇನೆ ಎಂದರು. ಓಕಾದಾ ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಹರುಯೆ-ಸಾನ್ ನಮ್ಮನ್ನು ನೋಡಲಿಲ್ಲ, ಮೊಗ್ಗನ್ನೇ ನೋಡುತ್ತಿದ್ದರು. ಬೆಟ್ಟದಿಂದ ಮಂಜು ಇಳಿದು ಗಿಡಗಳು ಒಂದೊಂದಾಗಿ ಮರೆಯಾದವು. ಕೊನೆಯವರೆಗೂ ಕಂಡದ್ದು ಆ ಬಿಳಿ ಚುಕ್ಕೆ.

ಆ ಸಂಜೆಯ 'ನಾಳೆಯ ಪುಟ'ದಲ್ಲಿ ತಿಂಡಿಯ ಸಮಯ ಬರೆದೆ, ಹತ್ತು ಗಂಟೆಗೆ ವ್ಯಾನ್ ಬರುತ್ತದೆ ಎಂದು ಬರೆದೆ. ಮೊಗ್ಗಿನ ವಿಷಯ ಬರೆಯಲಿಲ್ಲ. ಅದು ಮನೆಯವರ ದುಃಖ, ಪುಟಕ್ಕೆ ಹಾಕುವಂಥದ್ದಲ್ಲ ಎನಿಸಿತು. ಕೇಳಬೇಕಾದವರೆಲ್ಲ ಕೇಳಿಯಾಗಿದೆ ಎಂದೂ ಅಂದುಕೊಂಡೆ. ಕೋಣೆಯಲ್ಲಿ ಮಲಗಿದ್ದವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಬೆಳಿಗ್ಗೆ ಆರೂಕಾಲರ ಹೊತ್ತಿಗೆ ಜಗಲಿಗೆ ಬಂದೆ. ಮಂಜು ಇನ್ನೂ ಇತ್ತು. ಪಾಚಿ, ಕಲ್ಲು, ಕೆಂಪು ಹೂ ಎಲ್ಲ ಇದ್ದಲ್ಲೇ ಇದ್ದವು. ಮೂಲೆಯಲ್ಲಿ ಬಿಳಿ ಚುಕ್ಕೆ ಇರಲಿಲ್ಲ. ಮಂಜಿರಬೇಕು ಎಂದು ಹತ್ತಿರ ಹೋದೆ. ತೊಟ್ಟು ಹರಿದಿತ್ತು, ಹಸಿಯಾಗಿತ್ತು.

ಡಾಕ್ಟರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿ, ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಗಿಡ್ಡ ಮೇಜಿನ ಮೇಲೆ ಬೆಳ್ಳಿಯ ಪುಟ್ಟ ಕೃಷ್ಣ. ಅವನ ಮುಂದೆ ಆ ಮೊಗ್ಗು. ಕೋಣೆಯ ಬಿಸಿಗೆ ಎರಡು ದಳ ಬಿಚ್ಚಿಕೊಂಡಿತ್ತು.

"ಬಾ ಶಾಂತಾ. ಎಷ್ಟು ಚೆನ್ನಾಗಿದಾನೆ ನೋಡು ಇವತ್ತು."

"ಡಾಕ್ಟ್ರೇ, ಈ ಹೂ ಎಲ್ಲಿಂದ ತಂದ್ರಿ?"

"ತೋಟದಿಂದಾನೆ. ಸ್ಟೇಷನ್ ಅಂಗಡೀಲಿ ತಂದಿದ್ದು ಬಾಡಿಹೋಗಿತ್ತು. ಕೆಳಗೆ ಅಷ್ಟೊಂದು ಕೆಂಪು ಬಿದ್ದಿದೆ, ಆದ್ರೆ ಬಿದ್ದ ಹೂ ಹೇಗೆ ಹಾಕ್ಲಿ? ಪಾರಿಜಾತಾನಾ ಅದು? ಇದು ಕೈಗೆ ಸಿಕ್ಕೋ ಹಾಗಿತ್ತು. ಒಂದೇ ಒಂದು ಕಿತ್ತೆ." ನನ್ನ ಮುಖ ನೋಡಿ ನಿಲ್ಲಿಸಿದರು. "ಯಾಕೆ? ದೇವರಿಗೆ ತಾನೇ?"

ಕೂತು ಹೇಳಿದೆ. ಸಂಜೆ ಕೇಳಿದ್ದನ್ನು, ಕೇಳಿದ ಕ್ರಮದಲ್ಲೇ, ಏನೂ ಸೇರಿಸದೆ. ಡಾಕ್ಟರು ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. "ಮೈಸೂರಲ್ಲಿ ನಮ್ಮಮ್ಮ ವಾಕಿಂಗ್ ಹೋದ್ರೆ ಇಡೀ ಬೀದಿ ಕಾಂಪೌಂಡಿನ ಹೂ ತರ್ತಿದ್ರು. ನಾನು ಬುಟ್ಟಿ ಹಿಡ್ಕೊಂಡು ಹಿಂದೆ ಹೋಗ್ತಿದ್ದೆ. ಅದು ಕದಿಯೋದು ಅಂತ ನನಗೆ ಅನ್ಸೇ ಇಲ್ಲ" ಎಂದರು.

ಪಕ್ಕದ ಮನೆಯವರು ನಸುಕಿನಲ್ಲಿ ಹೂ ಕದಿಯುತ್ತಾರೆ ಎಂಬ ಜಗಳ ನಮ್ಮ ಪತ್ರಿಕೆಯ ವಾಚಕರ ಪತ್ರಗಳ ಅಂಕಣದಲ್ಲಿ ಎರಡು ವಾರ ನಡೆದಿತ್ತು. ಆ ಪತ್ರಗಳನ್ನು ತಿದ್ದಿದವಳು ನಾನೇ. ನಮ್ಮವರ ಈ ಅಭ್ಯಾಸ ನನಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಾರದು. ಆದರೂ ಪಟ್ಟಿಯಲ್ಲಿ ಆ ಸಾಲು ಇರಲಿಲ್ಲ.

ಮಾತು ಕೇಳಿಸಿ ಚೇತನ್ ಬಾಗಿಲಿಗೆ ಬಂದಿದ್ದ. ಅವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ದನಿ ತಗ್ಗಿಸಿ, "ಆಂಟಿ, ನನ್ ಮಾತ್ ಕೇಳಿ. ಯಾರೂ ನೋಡಿಲ್ಲ. ಹಕ್ಕಿ ಕಚ್ಕೊಂಡ್ ಹೋಯ್ತು ಅಂತಾರೆ, ಗಾಳಿ ಅಂತಾರೆ. ಹತ್ತು ಗಂಟೆಗೆ ನಾವು ಹೊರಡ್ತೀವಿ. ಹೇಳಿದ್ರೆ ಅವರಿಗೂ ಹರ್ಟ್ ಆಗುತ್ತೆ, ಮುಂದಿನ ಗ್ರೂಪುಗಳಿಗೆ ಈ ಮನೇನೂ ಹೋಗುತ್ತೆ. ಯಾರಿಗೆ ಯೂಸ್?" ಎಂದ.

ಅವನು ಹೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ. ಒಂದು ಕ್ಷಣ ನಾನೂ ತೂಗಿ ನೋಡಿದೆ. ಆ ಮನೆ ಹೋದರೆ ನಮ್ಮ ಪ್ರವಾಸದಲ್ಲಿ ಅಂಥ ಇನ್ನೊಂದು ಮನೆ ಇರಲಿಲ್ಲ. ಆದರೆ ಹರುಯೆ-ಸಾನ್ ಏಳು ಗಂಟೆಗೆ ಪೊರಕೆ ಹಿಡಿದು ಬರುತ್ತಾರೆ. ಆರು ವರ್ಷ ಕಾದ ಗಿಡದ ಮುಂದೆ ನಿಂತು ಗಾಳಿಯನ್ನೋ ಹಕ್ಕಿಯನ್ನೋ ಅನುಮಾನಿಸುತ್ತಾರೆ. ಆಗ ನಾನು ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಿರಬೇಕು. ಅದು ನನ್ನಿಂದ ಆಗುವಂತಿರಲಿಲ್ಲ. "ಬೇರೆಯವರಿಂದ ಗೊತ್ತಾಗೋ ಮೊದಲು ನಮ್ಮಿಂದ ಗೊತ್ತಾಗಬೇಕು" ಎಂದೆ. "ಡಾಕ್ಟ್ರೇ, ನೀವಿಲ್ಲೇ ಇರಿ. ಪುಟದಲ್ಲಿ ಹಾಕದೆ ಬಿಟ್ಟವಳು ನಾನು. ನಾನು ಹೇಳ್ತೀನಿ."

"ಬೇಡ" ಎಂದರು ಡಾಕ್ಟರು, ಚೇತನ್‌ನ ಭುಜ ಹಿಡಿದು ಏಳುತ್ತಾ. "ಪೇಷಂಟ್ ಮನೆಯವರಿಗೆ ಕೆಟ್ಟ ಸುದ್ದೀನ ನರ್ಸ್ ಕೈಲಿ ಹೇಳಿಸಿದವಳಲ್ಲ ನಾನು."

ಓಕಾದಾ ಅವರನ್ನು ಕರೆಸಿದೆ. ಹರುಯೆ-ಸಾನ್ ಪೊರಕೆ ಹಿಡಿದು ಬರುವಾಗ ಡಾಕ್ಟರು, ಓಕಾದಾ, ನಾನು ಮೂವರೂ ಗಿಡದ ಪಕ್ಕ ನಿಂತಿದ್ದೆವು. ಡಾಕ್ಟರು ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಬದುಕಿದವರು. ಆ ಹೊತ್ತಿಗೆ ಅವರ ಬಾಯಿಗೆ ಬಂದದ್ದು ಕನ್ನಡ. ಕೈ ಮುಗಿದು, "ತಪ್ಪಾಯ್ತಮ್ಮ. ನಾನೇ ಕಿತ್ತೆ, ನನ್ನ ದೇವರಿಗೆ ಅಂತ. ನಿಮ್ಮ ಯಜಮಾನರಿಗೆ ಅಂತ ಇಟ್ಟಿದ್ದು ಗೊತ್ತಿರಲಿಲ್ಲ. ಗೊತ್ತಿಲ್ದೆ ಇದ್ರೂ ಕೇಳಬೇಕಾಗಿತ್ತು" ಎಂದರು. ನಾನು ಇಂಗ್ಲಿಷಿಗೆ ತಂದೆ, ಓಕಾದಾ ಜಪಾನಿಗೆ. ಒಂದು ಮಾತು ಮೂರು ಭಾಷೆ ದಾಟುವಷ್ಟರಲ್ಲಿ ಹರುಯೆ-ಸಾನ್ ಖಾಲಿ ತೊಟ್ಟನ್ನು ನೋಡಿಯಾಗಿತ್ತು.

ಅವರು ಅಳಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ ಒಂದೇ ಪ್ರಶ್ನೆ ಕೇಳಿದರು: ಕೈಯಿಂದ ಕಿತ್ತಿರಾ, ಕತ್ತರಿಯಿಂದಲಾ? ಕೈಯಿಂದ ಎಂದೆವು. ಒಳಗೆ ಹೋಗಿ ಕತ್ತರಿ ತಂದರು. ಬಗ್ಗಿ, ಹರಿದ ತೊಟ್ಟನ್ನು ಸ್ವಲ್ಪ ಕೆಳಗೆ ಓರೆಯಾಗಿ, ನುಣುಪಾಗಿ ಕತ್ತರಿಸಿದರು. ಹರಿದ ಗಾಯ ಕೊಳೆಯುತ್ತದೆ ಎಂದು ಓಕಾದಾ ಮೆಲ್ಲಗೆ ವಿವರಿಸಿದರು. ಡಾಕ್ಟರ ಕೈ ಮುಗಿದೇ ಇತ್ತು.

ಆಮೇಲೆ ಹರುಯೆ-ಸಾನ್, ಆ ದೇವರನ್ನು ನೋಡಬಹುದೇ ಎಂದರು.

ಕೋಣೆಯ ಹೊಸ್ತಿಲಲ್ಲಿ ಮೊಣಕಾಲೂರಿ ಕೂತು ಕೃಷ್ಣನನ್ನು ಬಹಳ ಹೊತ್ತು ನೋಡಿದರು. ಮೊಗ್ಗು ಈಗ ಅರ್ಧ ಅರಳಿತ್ತು. ಅದನ್ನು ಎತ್ತಿ ಕೊಡಲು ಡಾಕ್ಟರು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡರು. ನನ್ನ ಕಡೆ ತಿರುಗಿ, "ಏರಿಸಿದ ಹೂ ಇನ್ನೊಬ್ಬರ ಫೋಟೋಗೆ ಹೇಗೆ ಕೊಡ್ಲಿ ಶಾಂತಾ? ಕೊಟ್ರೂ ತಪ್ಪು, ಕೊಡದಿದ್ರೂ ತಪ್ಪು" ಎಂದರು. ನಾನು ಅದನ್ನು ಅನುವಾದಿಸಲಿಲ್ಲ. ಅಷ್ಟರಲ್ಲಿ ಹರುಯೆ-ಸಾನ್ ಮಾತಾಡಿದ್ದರು.

"ಮಗುವಿನ ಮುಂದೆ ಇಟ್ಟದ್ದನ್ನು ತೆಗೆಯಬೇಡಿ ಎನ್ನುತ್ತಿದ್ದಾರೆ" ಎಂದರು ಓಕಾದಾ. "ಇವರ ಯಜಮಾನರು ಮನೆಗೆ ಯಾರು ಬಂದರೂ ಇರುವ ಒಂದೇ ಹೂವನ್ನೂ ಕತ್ತರಿಸಿ ಕೊಡುತ್ತಿದ್ದರಂತೆ. ಅದಕ್ಕೇ ಇಬ್ಬರಿಗೂ ಜಗಳವಂತೆ. ಅವರಿದ್ದಿದ್ದರೆ ಇವತ್ತು ಗೆದ್ದೆ ಎನ್ನುತ್ತಿದ್ದರು ಎನ್ನುತ್ತಿದ್ದಾರೆ."

ಎಲ್ಲ ಸರಿಹೋಯಿತು ಎಂದು ಚೇತನ್ ನನ್ನ ಕಡೆ ನೋಡಿ ಕಣ್ಣರಳಿಸಿದ. ಆದರೆ ಹರುಯೆ-ಸಾನ್ ಇನ್ನೂ ಏನೋ ಹೇಳಿದರು. ಓಕಾದಾ ತಮ್ಮ ಕಾಲುಚೀಲವನ್ನು ನೋಡಿಕೊಂಡು ಆಮೇಲೆ ಹೇಳಿದರು: "ಆದರೆ ನಾನು ಅವರಂತೆ ಅಲ್ಲ. ಮುಂದಿನ ವರ್ಷದಿಂದ ಗುಂಪು ಬೇಡ."

ತಲೆ ಬಾಗಿಸಿದೆ. ಹರುಯೆ-ಸಾನ್ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬದಲಾಗುವ ಲಕ್ಷಣವೂ ಇರಲಿಲ್ಲ.

ಹತ್ತು ಗಂಟೆಗೆ ವ್ಯಾನ್ ಬಂತು. ಒಂಬತ್ತು ಜನ ಹತ್ತಿದರು. ಡಾಕ್ಟರು ಕೈಚೀಲ ಹಿಡಿದು ಮೆಟ್ಟಿಲ ಬಳಿಯೇ ನಿಂತರು.

"ನಾನು ನಾಳೆ ಬರ್ತೀನಿ."

"ಡಾಕ್ಟ್ರೇ, ಯಾರನ್ನೂ ಬಿಟ್ಟು ಹೋಗೋ ಹಾಗಿಲ್ಲ."

"ನಾಳೆ ಅವರು ಒಬ್ರೇ ಖಾಲಿ ಜಾಗ ನೋಡ್ಕೊಂಡ್ ಕೂರೋದಾ? ಖಾಲಿ ಮಾಡಿದವಳು ನಾನು. ನಾನೂ ಕೂರ್ತೀನಿ. ಅವರು ಬೇಡ ಅಂದ್ರೆ ಗೇಟ್ ಹೊರಗೆ ಕೂರ್ತೀನಿ. ಕೇಳು ಅವರನ್ನ."

ಇದನ್ನು ಕೇಳಿಸುವುದು ಸರಿಯೇ ಎಂದು ನನಗೆ ಅನುಮಾನವಿತ್ತು. ಕ್ಷಮೆ ಕೇಳುವವರು ಇನ್ನಷ್ಟು ಭಾರ ಹೇರುವುದನ್ನು ನೋಡಿದ್ದೇನೆ. ಆದರೂ ಓಕಾದಾ ಅವರಿಗೆ ಹೇಳಿದೆ, ಬೇಡವೆನ್ನಲು ದಾರಿ ಬಿಟ್ಟು ಕೇಳಿ ಎಂದೂ ಹೇಳಿದೆ. ಹರುಯೆ-ಸಾನ್ ಡಾಕ್ಟರ ಮುಖ ನೋಡಲಿಲ್ಲ, ಮೊಣಕಾಲು ನೋಡಿದರು. ಆಮೇಲೆ ಚಿಕ್ಕದಾಗಿ ಏನೋ ಅಂದರು.

"ಕೆಳಗೆ ಕೂರಲು ಆಗುವುದಿಲ್ಲವಲ್ಲ, ಪಕ್ಕದ ಮನೆಯಿಂದ ಕುರ್ಚಿ ತರಿಸುತ್ತೇನೆ ಎನ್ನುತ್ತಿದ್ದಾರೆ" ಎಂದರು ಓಕಾದಾ. ತಾವು ಹತ್ತಿರದಲ್ಲೇ ಇದ್ದು ಮರುದಿನ ರೈಲಿನಲ್ಲಿ ಕರೆತರುವುದಾಗಿಯೂ ಹೇಳಿದರು.

ದೇಸಾಯಿಯವರಿಗೆ ಒಂಬತ್ತು ತಲೆ ಎಂದು ಸಂದೇಶ ಕಳಿಸಿದೆ. ಎರಡು ನಿಮಿಷದಲ್ಲಿ ಫೋನ್ ಬಂತು.

"ಒಂದ್ ತಲಿ ಎಲ್ಲಿ ಹೋತ್ರಿ?"

ಹೇಳಿದೆ.

"ಆ ಮನೀನೂ ಹೋತು ಅನ್ನಿ."

"ಹೋಯ್ತು."

"ಸುಳ್ಳ ಹೇಳಿದ್ರ ಉಳೀತಿತ್ತು."

"ಉಳೀತಿತ್ತು."

"ಆಕಿಗೆ ಮೊಣಕಾಲಿನ ಗುಳಿಗಿ ಕೊಟ್ಟು ಬಂದೀರಿಲ್ಲೋ?" ಎಂದು ಕೇಳಿ ಫೋನ್ ಇಟ್ಟರು. ಆ ಮನೆಯ ವಿಷಯವನ್ನು ಅವರು ಮತ್ತೆಂದೂ ಎತ್ತಲಿಲ್ಲ. ನಾನು ಕಂಡ ಮೇಲಧಿಕಾರಿಗಳಲ್ಲಿ ಅವರೊಬ್ಬರನ್ನು ಮಾತ್ರ ಈಗಲೂ ಹಬ್ಬಕ್ಕೆ ಊಟಕ್ಕೆ ಕರೆಯುತ್ತೇನೆ.

ಹೊಸಬರೇ, ಈಗಿನ ಪಟ್ಟಿಯಲ್ಲಿ 'ಹೂ ಕೀಳಬೇಡಿ' ಎಂಬ ಸಾಲಿದೆ. ಅದು ನಾನು ಆ ವ್ಯಾನಿನಲ್ಲಿ ಕೂತು ಬರೆದದ್ದು. ಫೋನ್ ಈಗ ಜಪಾನಿಯನ್ನು ಕ್ಷಣದಲ್ಲಿ ಕನ್ನಡ ಮಾಡಿ ಓದುತ್ತದೆ, ನಿಮಗೆ ಓಕಾದಾ ಅವರಂಥವರು ಬೇಕಾಗಲಾರರು. ಆದರೆ ಮನೆಯವರು ಚಹಾದ ಹೊತ್ತಿನಲ್ಲಿ ಯಾವ ಕಡೆ ತಿರುಗಿ ಕೂತರು ಎನ್ನುವುದನ್ನು ಅದು ಬರೆದುಕೊಳ್ಳುವುದಿಲ್ಲ. ಅದನ್ನು ನೀವು ಬರೆದುಕೊಳ್ಳಿ. ಕೋಣೆಯಲ್ಲಿ ಮಲಗಿರುವವರಿಗೂ ತಲುಪಿಸಿ. ಆ ಊರನ್ನೂ ಆ ಮನೆಯನ್ನೂ ದಯವಿಟ್ಟು ಹುಡುಕಬೇಡಿ.

ವ್ಯಾನ್ ಹೊರಟ ಮರುದಿನ ಮಧ್ಯಾಹ್ನ ಕಣಿವೆಯ ಕೆಳಗಿನ ನಿಲ್ದಾಣದಲ್ಲಿ ಕಾದೆ. ಎರಡು ಡಬ್ಬಿಯ ರೈಲು ಬಿಸಿಲಿನಲ್ಲಿ ತೇಲಿಕೊಂಡು ಬಂದಂತೆ ಬಂತು. ಓಕಾದಾ ಡಾಕ್ಟರನ್ನು ಕೈಹಿಡಿದು ಇಳಿಸಿದರು. ಬೆಂಚಿನ ಮೇಲೆ ಕೂತು ಡಾಕ್ಟರು ಮೊದಲು ನೀರು ಕುಡಿದರು. ತಾವಾಗಿಯೇ ಹೇಳಿದರು.

"ಬೇರೆ ಹೂ ಇಡ್ತಾರೇನೋ ಅಂದ್ಕೊಂಡೆ ಕಣೆ. ತೋಟದ ತುಂಬಾ ಇತ್ತಲ್ಲ. ಇಡಲಿಲ್ಲ. ಫೋಟೋ ಮುಂದೆ ಹೂ ಇಡೋ ಒಂದು ಪುಟ್ಟ ಹೂಜಿ ಇಟ್ರು. ಬರೀ ನೀರು. ನನ್ನ ಕುರ್ಚಿ ಒಂದ್ ಕಡೆ, ಅವರು ಒಂದ್ ಕಡೆ ಕೆಳಗೆ. ಓಕಾದಾ ಹೊರಗೇ ಇದ್ರು. ಅವರ ಭಾಷೆ ನನಗೆ ಬರಲ್ಲ, ನಂದು ಅವರಿಗೆ ಬರಲ್ಲ. ಬೆಳಿಗ್ಗೆಯಿಂದ ಆ ನೀರನ್ನೇ ನೋಡ್ತಾ ಕೂತ್ವಿ. ಬಿಸಿಲು ಬಂತು, ನೀರು ಹೊಳೀತು, ಬಿಸಿಲು ಹೋಯ್ತು."

"ಆಮೇಲೆ?"

"ಹೂಜಿ ತಗೊಂಡು ತೋಟಕ್ಕೆ ಹೋದ್ರು. ಬಾ ಅಂತ ಕೈ ಮಾಡಿದ್ರು. ಆ ಗಿಡದ ಬುಡಕ್ಕೆ ಅರ್ಧ ನೀರು ಹಾಕಿ, ಇನ್ನರ್ಧ ನೀನು ಹಾಕು ಅನ್ನೋ ಹಾಗೆ ಹೂಜಿ ನನ್ನ ಕೈಗೆ ಕೊಟ್ರು."